ಅಕ್ಕನ ಕೈಯ ಗಂಟು, ಭಾವನ ಒದ್ದೆ ಟವೆಲ್

ಕಳೆದ ವರ್ಷ ಶಿವರಾತ್ರಿಯಾದ ಮೂರನೇ ವಾರ ಅಕ್ಕನ ಬಲಗೈ ಗಂಟಿನ ಬಯಾಪ್ಸಿ ವರದಿ ಬಂತು. ಮಾಂಸದ ಕ್ಯಾನ್ಸರ್ ಇರಬಹುದು, ಇಲ್ಲದಿರಬಹುದು, ಸೂಕ್ಷ್ಮದರ್ಶಕದಲ್ಲಿ ನೋಡಿ ಖಚಿತವಾಗಿ ಹೇಳಲಾಗದು, ಜೀನ್ ಪರೀಕ್ಷೆ ಆಗಲಿ ಎಂದು ಅದರಲ್ಲಿತ್ತು.

ಅಕ್ಕನ ಮನೆ ಬಿಳಿಕೆರೆ ಹತ್ತಿರದ ಹಳ್ಳಿಯಲ್ಲಿ. ಸೌದೆ ಉರಿಯ ಶಾಖದ ಗೂಡಾದ ಬ್ಯಾರನ್‌ನಲ್ಲಿ ಒಣಗಿ ಹದವಾಗಿ ಬಂದ ಹೊಗೆಸೊಪ್ಪನ್ನು ಬಣ್ಣ ನೋಡಿ ವಿಂಗಡಿಸುವುದರಲ್ಲಿ ಅವಳದು ಪಳಗಿದ ಕೈ. ಮೊಣಕೈ ಕೆಳಗಿನ ಗಂಟು ಒಂದೇ ತಿಂಗಳಲ್ಲಿ ನೆಲ್ಲಿಕಾಯಿಯಷ್ಟಾಗಿತ್ತು. ಹೊರೆ ಹೊತ್ತು ನರ ಹಿಡಿದಿದೆ ಎಂದು ನಾವು ಎಣ್ಣೆ ತಿಕ್ಕಿದ್ದೆವು. ಕ್ಯಾನ್ಸರ್ ಆಗಿದ್ದರೆ ಸುತ್ತಲಿನ ಮಾಂಸವನ್ನೂ ಸೇರಿಸಿ ತೆಗೆಯಬೇಕು, ಬೆರಳುಗಳ ಹಿಡಿತ ಹೋಗಬಹುದು ಎಂದು ಮೈಸೂರಿನ ಸರ್ಜನ್ ಹೇಳಿದ್ದರು.

ವರದಿಯನ್ನು ನಾನು ಓದಿ ಹೇಳಿದೆ. ಭಾವ ರೇಗಿದರು. "ಗೊತ್ತಿಲ್ಲ ಅಂತ ಬರಿಯಾಕೆ ಇವ್ರು ಅಷ್ಟೊಂದ್ ಓದ್ಬೇಕಿತ್ತಾ?"

ಅಕ್ಕ ಹೇಳಿದಳು: "ಸುಮ್ಕಿರಿ. ಎರಡೆಲೆ ಒಂದೇ ಥರ ಕಂಡ್ರೆ ನಾನೂ ಪಕ್ಕಕ್ಕಿಟ್ಟು ಬೆಳಕಿಗೆ ಇಡ್ದು ನೋಡಲ್ವಾ? ಅವಸರಕ್ಕೆ ಯಾವ್ದೋ ಸೊಪ್ಪಿನ್ ಕಟ್ಟಿಗೆ ಸೇರಿಸ್ಬುಡ್ಲಾ?"

ಗಂಟಿನ ಚೂರನ್ನು ಇಟ್ಟಿದ್ದ ಮೇಣದ ಬಿಲ್ಲೆಯನ್ನು ಜೀನ್ ಪರೀಕ್ಷೆಗೆ ಬೆಂಗಳೂರಿನ ಲ್ಯಾಬ್‌ಗೆ ಮುಟ್ಟಿಸಬೇಕಿತ್ತು. ನಾನೂ ಭಾವನೂ ಬಸ್ಸು ಹತ್ತಿದೆವು. ಮೇಣ ಕರಗೀತೆಂದು ಭಾವ ಅದನ್ನು ಒದ್ದೆ ಟವೆಲ್‌ನಲ್ಲಿ ಸುತ್ತಿ, ಡಾಕ್ಟರ ಪತ್ರದ ಸಮೇತ ಟಿಫಿನ್ ಡಬ್ಬಿಯಲ್ಲಿಟ್ಟು, ದಾರಿಯುದ್ದಕ್ಕೂ ನೀರು ಚಿಮುಕಿಸಿದರು.

ಲ್ಯಾಬ್‌ನ ಹೆಣ್ಣುಮಗಳು ಡಬ್ಬಿ ತೆರೆದು ನಕ್ಕಳು. "ಯಜಮಾನ್ರೇ, ಇದೇನು ಐಸ್‌ಕ್ರೀಮಾ? ಈ ಬಿಸಿಲಿಗೆಲ್ಲ ಕರಗಲ್ಲ."

"ನಮ್ ಬ್ಯಾರನ್ ಶಾಖ ನೀನ್ ಕಂಡಿಲ್ಲ ಕಣವ್ವ."

ಬಿಲ್ಲೆಗೆ ಏನೂ ಆಗಿರಲಿಲ್ಲ. ಪತ್ರದ ಶಾಯಿ ಹರಡಿತ್ತು. ಅವಳು ಅದನ್ನು ಫ್ಯಾನ್ ಕೆಳಗೆ ಒಣಗಿಸಿ, ಅಳಿಸಿದ್ದ ಸಾಲುಗಳನ್ನು ಮೈಸೂರಿಗೆ ಫೋನ್ ಮಾಡಿ ಕೇಳಿ ಬರೆದುಕೊಂಡಳು. ಊಟದ ಹೊತ್ತು ಮೀರಿತ್ತು, ಅವಳು ಎದ್ದು ಹೋಗಲಿಲ್ಲ.

ಫಲಿತಾಂಶ ಬರುವವರೆಗೆ ಅಕ್ಕ ಎಡಗೈಯಲ್ಲಿ ಸೊಪ್ಪು ಆಯುವುದನ್ನು ಅಭ್ಯಾಸ ಮಾಡಿದಳು.

ಎರಡು ವಾರದ ಮೇಲೆ ಸರ್ಜನ್ ಕರೆಸಿದರು. ಗಂಟಿನ ಜೀವಕೋಶಗಳಲ್ಲಿ ಒಂದು ಜೀನ್ ಮುರಿದು ಜಾಗ ಬದಲಿಸಿದೆ, ಹಾಗೆ ಮುರಿಯುವುದು ಕ್ಯಾನ್ಸರಿನಂತೆ ಕಂಡರೂ ಕ್ಯಾನ್ಸರಲ್ಲದ ಒಂದು ಬಗೆಯ ಗಂಟಿನಲ್ಲಿ, ಬಹುಪಾಲು ಅದು ತಾನೇ ಕುಗ್ಗುತ್ತದೆ ಎಂದರು.

"ಅಂಗಾರೆ ಕುಯ್ಯಂಗಿಲ್ವಾ?" ಭಾವ ಮೂರು ಸಲ ಕೇಳಿದರು.

"ಇಲ್ಲ. ಕಾದು ನೋಡೋಣ."

ಖಚಿತವಾಗದ ಸುದ್ದಿಯನ್ನು ತಡೆಹಿಡಿಯುವುದು ಎಷ್ಟು ಕಷ್ಟವೆಂದು ನಾನು ಮಾಡುವ ಪತ್ರಿಕೆಯ ಕೆಲಸದಲ್ಲಿ ಕಂಡಿದ್ದೇನೆ. ಮೊದಲ ವರದಿ ಬರೆದ ಡಾಕ್ಟರನ್ನು ನಾವು ಯಾರೂ ನೋಡಿಲ್ಲ. ಹೇಳಲಾಗದು ಎಂದು ಅವರು ಬರೆದ ಆ ಸಾಲಿಗೆ ನಮ್ಮ ಮನೆ ಋಣಿ.

ಗೌರಿ ಹಬ್ಬದ ಹೊತ್ತಿಗೆ ಗಂಟು ಕಡಲೆಕಾಳಿನಷ್ಟಾಗಿತ್ತು. ಈ ತಿಂಗಳ ತಪಾಸಣೆಯಲ್ಲಿ ಸರ್ಜನ್ ಬೆರಳಿಗೆ ಅದು ಸಿಗಲಿಲ್ಲ. ಅಕ್ಕ ಬಲಗೈಯಲ್ಲೇ ಸೊಪ್ಪು ಆಯುತ್ತಿದ್ದಾಳೆ. ಮುಂದಿನ ತಪಾಸಣೆ ಆರು ತಿಂಗಳಿಗೆ.