ಪ್ಲೇಟಿನವನ ಕಿವಿ

ಮದುವೆಮನೆಯಲ್ಲಿ ಹಾಡು ಹಾಕುವವನನ್ನು ಈಗ ಡೀಜೆ ಅನ್ನುತ್ತಾರೆ. ನಮ್ಮ ಕಾಲದಲ್ಲಿ ಪ್ಲೇಟಿನವನು ಅನ್ನುತ್ತಿದ್ದರು. ಕೂಗುವಾಗ ಅದೂ ಇಲ್ಲ, "ಲೇ ಪೆಟ್ಟಿಗೆ" ಅಂದರೆ ಮುಗಿಯಿತು. ಗ್ರಾಮಫೋನನ್ನು ತೊಡೆಯ ಮೇಲೆ ಇಟ್ಟುಕೊಂಡು, ಅದರ ತುತ್ತೂರಿಯನ್ನು ಬಸ್ಸಿನ ಮೇಲೆ ಕಟ್ಟಿಸಿ, ಮದ್ದೂರಿನಿಂದ ಮಂಡ್ಯದ ಕಡೆಗೋ ಮಳವಳ್ಳಿಯ ಕಡೆಗೋ ಹೊರಡುತ್ತಿದ್ದೆ. ಓಲಗದವರು ಊಟಕ್ಕೆ ಎದ್ದರೆ ನನ್ನ ಸರದಿ. ಹಾಡಿನ ಪ್ರತಿ ಪ್ಲೇಟಿಗೂ ಕೈಯಲ್ಲಿ ಕೀ ಕೊಡಬೇಕು, ಮುಳ್ಳು ಬದಲಿಸಬೇಕು. ಎರಡನೇ ಮಹಾಯುದ್ಧದ ದೆಸೆಯಿಂದ ಹೊಸ ಮುಳ್ಳು ಸಿಗದೆ ಹಳೆಯದನ್ನೇ ಕಲ್ಲಿಗೆ ಉಜ್ಜಿ ಚೂಪು ಮಾಡುತ್ತಿದ್ದೆ.

ಮೈ ನೋಡಿಕೊಳ್ಳುವುದು ನನಗೆ ಗೊತ್ತಿತ್ತು. ಬಲಗೈ ಮಣಿಕಟ್ಟು ನೊಂದರೆ ಎಡಗೈಯಲ್ಲಿ ಕೀ ಕೊಡುವುದು, ಎಲೆಗೆ ಲಾಡು ಬಿದ್ದರೂ ಮುಟ್ಟದೆ ಮಜ್ಜಿಗೆ ಅನ್ನ ಉಂಡು ಏಳುವುದು. ಮನಸ್ಸು ಹಳಸದಂತೆ ನೋಡಿಕೊಳ್ಳುವುದು ಮಾತ್ರ ಗೊತ್ತಾಗಲಿಲ್ಲ. ನನ್ನಲ್ಲಿದ್ದದ್ದು ಎರಡು ಡಜನ್ ಪ್ಲೇಟು, ದಿನವೂ ಅವೇ ಹಾಡು. ಒಮ್ಮೆ ಕೊನೆಯದನ್ನು ಮೊದಲು ಹಾಕಿ ನೋಡಿದೆ. ಮಳವಳ್ಳಿಯಲ್ಲಿ ನನ್ನಂಥವನೇ ಒಬ್ಬನಿದ್ದ, ಅವನ ಆರು ಪ್ಲೇಟು ತಂದು ನನ್ನ ಆರು ಕೊಟ್ಟೆ. ಹತ್ತು ದಿನ ಹೊಸತು, ಆಮೇಲೆ ಅವೂ ಅಷ್ಟೇ. ಅವನೂ ನನ್ನ ಪ್ಲೇಟುಗಳ ಬಗ್ಗೆ ಅದನ್ನೇ ಹೇಳಿದ.

ಯುದ್ಧ ಮುಗಿದ ಮರುವರ್ಷ ಕೊತ್ತತ್ತಿಯ ಒಂದು ಮದುವೆ. ಮಧ್ಯಾಹ್ನದ ಊಟವಾಗಿ ಜನ ಚಪ್ಪರದಲ್ಲಿ ಎಲೆಯಡಿಕೆ ಹಾಕುತ್ತ ಕೂತಿದ್ದರು. ನಾನು ಪೆಟ್ಟಿಗೆಯ ಪಕ್ಕದಲ್ಲೇ, ಕಣ್ಣು ಬಿಟ್ಟುಕೊಂಡೇ ಕೂತಿದ್ದೆ. ಹುಡುಗನ ಅಜ್ಜಿ ಬಂದು ನನ್ನ ಭುಜ ಅಲ್ಲಾಡಿಸಿದಳು.

"ಯಾಕ್ಲಾ, ಆಗ್ಲಿಂದ ಒಂದೇ ಮಾತ್ ಅಂತಾ ಅದೆ? ಅವಳ್ಗೇನ್ ಮುಂದಕ್ ಬರಾಕಿಲ್ವಾ?"

ನೋಡಿದರೆ ಮುಳ್ಳು ಒಂದೇ ಗೆರೆಯಲ್ಲಿ ಸಿಕ್ಕಿಕೊಂಡು, ಪ್ಲೇಟಿನ ಹೆಂಗಸು ಅದೇ ಅರ್ಧ ಸಾಲನ್ನು ಹಾಡುತ್ತಲೇ ಇದ್ದಾಳೆ. ಎಷ್ಟು ಹೊತ್ತಿನಿಂದಲೋ ಏನೋ! ಚಪ್ಪರವೆಲ್ಲ ಗೊಳ್ಳೆಂದಿತು. ನಾನೂ ನಗುತ್ತಲೇ ಮುಳ್ಳು ಎತ್ತಿಟ್ಟೆ. ಆದರೆ ನಾನು ನಿದ್ದೆ ಮಾಡಿರಲಿಲ್ಲ. ಮುಳ್ಳನ್ನೇ ನೋಡುತ್ತ ಕೂತಿದ್ದವನಿಗೆ ಕೇಳಿಸಲಿಲ್ಲ ಅಂದರೆ ಏನರ್ಥ? ಬಲಗಿವಿ ದಿನವೂ ತುತ್ತೂರಿಯ ಪಕ್ಕದಲ್ಲೇ ಇರುತ್ತಿತ್ತು. ಅದು ಹೋಯಿತೇ? ಕಿವುಡ ಪ್ಲೇಟಿನವನನ್ನು ಯಾರು ಕರೆಯುತ್ತಾರೆ?

ಮನೆಗೆ ಬಂದರೆ ಹೆಂಡತಿ ಬಟ್ಟೆ ಗಂಟು ಕಟ್ಟಿಕೊಂಡು ಬಾಗಿಲಲ್ಲೇ ನಿಂತಿದ್ದಳು.

"ಎಲ್ಲಿಗೆ?" ಅಂದೆ.

"ಎಲ್ಲಿಗೆ ಅಂದ್ರೆ? ನಮ್ಮವ್ವಂಗೆ ಉಸಾರಿಲ್ಲ, ಬೆಳ್ಳೂರ್‍ಗೆ ಓಗ್ಬೇಕು ಅಂತ ಮೂರ್ ದಿನದಿಂದ ಏಳ್ತಾ ಇವ್ನಿ. ಮೂರ್ ಸಲವೂ ಊಂ ಅಂದ್ರಿ."

ನನಗೆ ಒಂದು ಸಲದ್ದೂ ನೆನಪಿರಲಿಲ್ಲ. ಕೊತ್ತತ್ತಿಯಲ್ಲಿ ನಡೆದದ್ದನ್ನು ಹೇಳಿದೆ. ಅವಳ ಮುಖ ಇಳಿದುಹೋಯಿತು. "ಕಿವಿ ತೋರುಸ್ಕೊಳಿ, ಅಷ್ಟ್ ಮಾಡಿ," ಅಂದವಳು ಒಬ್ಬಳೇ ಕೊಕ್ಕರೆ ಬೆಳ್ಳೂರಿನ ತವರಿಗೆ ಹೋದಳು.

ನಾನು ಮೊದಲು ಕಿವಿಯ ಬದಲು ಪೆಟ್ಟಿಗೆಯನ್ನೇ ತೋರಿಸಿದೆ. ಅದೇ ಮೆತ್ತಗಾಗಿದ್ದರೆ ನನ್ನ ಕಿವಿ ಬಚಾವು ಎಂಬ ಆಸೆ. ಮದ್ದೂರಿನಲ್ಲಿ ಹೊಲಿಗೆ ಮಿಷನ್ನು, ಗಡಿಯಾರ ರಿಪೇರಿ ಮಾಡುವ ಸಾಬರು ಸ್ಪ್ರಿಂಗು ಬಿಚ್ಚಿ, ಒರೆಸಿ, ಎಣ್ಣೆ ಹಾಕಿ, ನನ್ನ ಮುಂದೆಯೇ ಒಂದು ಪ್ಲೇಟು ಹಾಕಿದರು. ಹಾಡು ಮುಗಿಯುವವರೆಗೆ ಕಣ್ಣು ಮುಚ್ಚಿ ಕೂತಿದ್ದರು.

"ಪೆಟ್ಗೆ ಪಸಂದಾಗಿ ಅದೆ ಗೌಡ್ರೇ. ಏನ್ ಹಾಡಿದಾಳೆ ಈಯಮ್ಮ!"

ಅದು ಕೊತ್ತತ್ತಿಯಲ್ಲಿ ಸಿಕ್ಕಿಕೊಂಡಿದ್ದ ಪ್ಲೇಟೇ. ಅವರಿಗೆ ಕಣ್ಣು ಒದ್ದೆಯಾಗಿತ್ತು. ನನಗೆ ಹಾಡು ಕೇಳುತ್ತಿತ್ತೋ, ಬಾಯಿಪಾಠವಾದ ಹಾಡು ತಲೆಯೊಳಗೇ ಓಡುತ್ತಿತ್ತೋ ಹೇಳಲಾರೆ. ಅವರ ಮೇಲೆ ಸಿಟ್ಟೂ ಬಂತು. ನನ್ನ ಪ್ಲೇಟಿಗೆ ಇವರು ಅಳುವುದೇನು!

ಮಾರನೆಯ ದಿನ ಮಂಡ್ಯದ ಡಾಕ್ಟರ ಹತ್ತಿರ ಹೋದೆ. ಅವರು ಕಿವಿಯೊಳಗೆ ಬೆಳಕು ಬಿಟ್ಟು ನೋಡಿದರು. ಬೆನ್ನ ಹಿಂದೆ ನಿಂತು ಜೇಬಿನ ಗಡಿಯಾರ ಹಿಡಿದು, ಕೇಳಿಸಿದಾಗ ಕೈ ಎತ್ತು ಅಂದರು. ನಾನು ಎತ್ತಿದೆ. ದೂರ ಹೋಗಿ ಪಿಸುಗುಟ್ಟಿದರು, ಅದನ್ನೂ ಹೇಳಿದೆ.

"ಎರಡು ಕಿವಿಯೂ ಚೆನ್ನಾಗಿವೆ. ವಾರಕ್ಕೆ ಒಂದು ದಿನ ಪೆಟ್ಟಿಗೆ ಮುಟ್ಟಬೇಡ, ಹೊಟ್ಟೆ ತುಂಬ ಉಣ್ಣು, ನಿದ್ದೆ ಮಾಡು. ಹೋಗು."

ಕುಣಿದಾಡಬೇಕಾದ ಮಾತು. ನಾನು ಮಾತ್ರ ಪೆಚ್ಚಾಗಿ ಬಸ್ಸು ಹತ್ತಿದೆ. ಪೆಟ್ಟಿಗೆ ಸರಿ, ಕಿವಿ ಸರಿ, ಹಾಗಾದರೆ ಕೆಟ್ಟಿರುವುದು ಯಾವುದು? ಬಸ್ಸಿನಲ್ಲಿ ಮದ್ದೂರಿನವರೆಗೂ ಅದನ್ನೇ ಯೋಚಿಸಿದೆ. ಗಡಿಯಾರದ ಟಿಕ್ ಟಿಕ್ ಕೇಳುವ ಕಿವಿಗೆ ಕಟ್ಟಿಕೊಂಡವಳು ಮೂರು ದಿನ ಹೇಳಿದ್ದು ಕೇಳಲಿಲ್ಲ.

ನಾಲ್ಕು ದಿನ ಬಿಟ್ಟು ಹೆಂಡತಿ ವಾಪಸಾದಳು. ಅವಳ ತಾಯಿ ಗಂಜಿ ಕುಡಿಯುವಷ್ಟು ಚೇತರಿಸಿಕೊಂಡಿದ್ದಳು. ಗಂಟು ಇಳಿಸುವ ಮೊದಲೇ ಕೇಳಿದಳು.

"ಡಾಕ್ಟ್ರು ಏನಂದ್ರು?"

ನಿಜ ಹೇಳಲೆಂದೇ ಬಾಯಿ ತೆರೆದೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

"ಬಲಗಿವಿ ಓಗ್ಬುಟ್ಟದಂತೆ," ಅಂದೆ.

ಯಾಕೆ ಹಾಗಂದೆ? ಇವತ್ತಿಗೂ ನನಗೆ ಸರಿಯಾಗಿ ಗೊತ್ತಿಲ್ಲ. ಅವಳು ಅಲ್ಲೇ ಕುಸಿದು ಕೂತು ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಆಮೇಲೆ, ದೊಡ್ಡ ಹೊರೆ ಇಳಿಸಿದವಳ ಹಾಗೆ ಉಸಿರು ಬಿಟ್ಟಳು.

"ಅಂಗಾರೆ ನಿಮ್ ತಪ್ಪಲ್ಲ ಬುಡಿ. ನಿಮ್ಗೆ ನನ್ ಮಾತೇ ಬ್ಯಾಡ್ವಾಗ್ಬುಟ್ಟದೇನೋ ಅನ್ಕಂಡು ದಾರಿವುದ್ದಕ್ಕೂ ಅತ್ಕಂಡ್ ಓದೆ."

ಎದ್ದು ಬಂದು ನನ್ನ ಎಡಗಡೆಗೆ ಕೂತಳು. ಕಿವಿಯ ಹತ್ತಿರ ಬಾಯಿ ತಂದು, ತಾಯಿಗೆ ಜ್ವರ ಶುರುವಾದದ್ದರಿಂದ ಹಿಡಿದು ಎಲ್ಲವನ್ನೂ ಗಟ್ಟಿಯಾಗಿ ಮತ್ತೆ ಹೇಳತೊಡಗಿದಳು. ನನಗೆ ಎರಡೂ ಕಿವಿಯಲ್ಲಿ ಕೇಳುತ್ತಿತ್ತು.