ಕಾಡತೂಸು ತುಂಬುವ ಕಾಕ

ಸೌದಿಯ ತಾಯಿಫ್‌ನ ಶೂಟಿಂಗ್ ಕ್ಲಬ್ಬಿನಲ್ಲಿ ನಾನು ಆಫೀಸು ನೋಡಿಕೊಳ್ಳುತ್ತಿದ್ದಾಗ, ಖಾಲಿ ಕಾಡತೂಸಿಗೆ ಮತ್ತೆ ಮದ್ದು ತುಂಬಲು ನಮ್ಮೂರ ಕಡೆಯವರೇ ಒಬ್ಬರಿದ್ದರು. ಎಲ್ಲರೂ ಅವರನ್ನು ಕಾಕ ಎನ್ನುತ್ತಿದ್ದೆವು. ಯಾರು ಅವಸರ ಮಾಡಿದರೂ ಕನ್ನಡಕ ಹಣೆಗೇರಿಸಿ, "ಎಂತ ಅರ್ಜೆಂಟು ಮಾರಾಯ?" ಎಂದು ಕೇಳುವವರು.

ಒಂದು ಸಂಜೆ ಕ್ಲಬ್ಬಿನ ಮಾಲೀಕ, ನಮಗೆಲ್ಲ ವೀಸಾ ಕೊಟ್ಟ ಕಫೀಲ್, ಪಿಸ್ತೂಲು ಹಾರಿಸುತ್ತಿದ್ದಾಗ ಒಂದು ಕಾಡತೂಸು 'ಢಂ' ಅನ್ನದೆ 'ಟುಸ್' ಅಂದಿತು. ಅವನು ಇನ್ನೊಂದು ಹಾರಿಸುವ ಮೊದಲೇ ಕಾಕ ಓಡಿಹೋಗಿ ಕೈ ಹಿಡಿದುಬಿಟ್ಟರು. ಕಫೀಲನ ಕೈಯನ್ನೇ! ಇನ್ನು ಇವರಿಗೆ ಊರಿನ ಟಿಕೆಟೇ ಗತಿ ಅಂದುಕೊಂಡೆ. ಬಿಚ್ಚಿ ನೋಡಿದರೆ ಗುಂಡು ನಳಿಗೆಯೊಳಗೇ ಸಿಕ್ಕಿಕೊಂಡಿತ್ತು. ಇನ್ನೊಂದು ಹಾರಿಸಿದ್ದರೆ ಪಿಸ್ತೂಲು ಅವನ ಕೈಯಲ್ಲೇ ಒಡೆಯುತ್ತಿತ್ತು.

"ಯಾರ ತಪ್ಪು?" ಎಂದ ಕಫೀಲ್.

"ನನ್ನದೇ. ಮದ್ದು ಹಾಕುವುದು ಬಿಟ್ಟುಹೋಗಿದೆ. ಬೆಳಿಗ್ಗೆ ತುಂಬುತ್ತಿದ್ದಾಗ ನೀವು ಬಂದು ಸಲಾಂ ಹೇಳಿದಿರಿ. ನಾನು ಎದ್ದು ನಿಂತು ನಿಮ್ಮ ಮಕ್ಕಳ, ಒಂಟೆಗಳ ಕ್ಷೇಮವನ್ನೆಲ್ಲ ಕೇಳಿ ಕೂತೆ. ಇನ್ನು ಮೇಲೆ ತುಂಬುವಾಗ ನಿಮ್ಮ ಸಲಾಮಿಗೂ ಉತ್ತರ ಕೊಡುವುದಿಲ್ಲ. ಆಗದಿದ್ದರೆ ಊರಿಗೆ ಕಳಿಸಿ."

ಕಫೀಲ್ ಪಿಸ್ತೂಲನ್ನು ಮೇಜಿನ ಮೇಲಿಟ್ಟು ಹೊರಟುಹೋದ.

ಮರುದಿನ ಹೋದರೆ ಕಾಕ ಮದ್ದು ತುಂಬುತ್ತಿದ್ದ ಕೋಣೆಯ ಬಾಗಿಲಲ್ಲಿ ಕಫೀಲನೇ ನಿಂತಿದ್ದ. ನಾನು ಬಾಯಿ ತೆರೆಯುವಷ್ಟರಲ್ಲಿ ತುಟಿಯ ಮೇಲೆ ಬೆರಳಿಟ್ಟ.

"ಶ್! ಕಾಕ ಇನ್ನೂ ತಲೆ ಎತ್ತಿಲ್ಲ."