ಪ್ಲೇಯರ್ ಒಳಗಿನ ಕುಂಕುಮ

ಗೆಳೆಯರೇ, ನನ್ನ ಮ್ಯೂಸಿಕ್ ಪ್ಲೇಯರ್ ಒಂದು ವಾರದಿಂದ ಹಾಡುವುದು ಬಿಟ್ಟು ಕಟಕಟ ಎನ್ನುತ್ತಿತ್ತು. ಹಾರ್ಡ್ ಡಿಸ್ಕ್ ಬದಲಾಯಿಸಲು ಇವತ್ತು ಬೆಳಿಗ್ಗೆ ಹೊಸಹಳ್ಳಿಯ ರಿಪೇರಿ ಅಂಗಡಿಗೆ ಹೋದೆ. ಅಂಗಡಿಯವನು ಹಿಂಬದಿ ಬಿಚ್ಚಿದರೆ ಒಳಗೆಲ್ಲ ಕೆಂಪು ಪುಡಿ.

"ಆಯುಧಪೂಜೇಲಿ ಇದಕ್ಕೂ ಕುಂಕುಮ ಇಟ್ರಾ ಸಾರ್?"

"ಅಮ್ಮ ಇಟ್ಟಿದ್ದು."

"ಓದಿರೋರು ನೀವು, ಅವರಿಗೆ ಹೇಳೋದಲ್ವಾ? ಒಂದು ಚೂರು ಧೂಳೂ ಬೀಳಬಾರ್ದು ಇದಕ್ಕೆ."

ಅಲ್ಲಿಂದಲೇ ಅಮ್ಮನಿಗೆ ಫೋನ್ ಮಾಡಿ ಬೈದೆ. "ಆಯ್ತು ಬಿಡಪ್ಪ" ಎಂದು ಫೋನಿಟ್ಟಳು.

ಅವನು ಎಂಬತ್ತು ಜಿಬಿಯ ಹೊಸ ಡಿಸ್ಕ್ ಕೂರಿಸಿದ. ಮುಚ್ಚುವ ಮೊದಲು ದೇವರ ಪಟದ ಮುಂದಿದ್ದ ಊದುಬತ್ತಿ ತೆಗೆದು ಅದರ ಮೇಲೆ ಮೂರು ಸುತ್ತು ತಿರುಗಿಸಿದ. ಬೂದಿ ನೇರ ಡಿಸ್ಕ್ ಪಕ್ಕಕ್ಕೇ ಬಿತ್ತು.

"ಇದೇನ್ ಗುರು?"

"ಇವತ್ತಿನ ಬೋಣಿ ಸಾರ್. ಏನೂ ಆಗಲ್ಲ" ಎಂದು ಮುಚ್ಚಳ ಒತ್ತಿದ.

ನಮ್ಮಮ್ಮ ಪಾಪ, ಹೊರಗಡೆ ಮಾತ್ರ ಇಟ್ಟಿದ್ದಳು.